ಉಣ್ಣೆ ಟೋಪಿಯವರ ಎಂಟನೆಯ ಹಾಡು

ಶ್ರೀಕರ ತರಿಸಿದ ಹಾಡಿನ ತಟ್ಟೆ ಅವನು ಹೋದ ಮೇಲೆ ಬಂತು. ಅಂಚೆಯ ಚೌಡಪ್ಪ ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನು ಸಹಿ ಹಾಕಿ ತೆಗೆದುಕೊಂಡು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಅಡುಗೆಯ ಹೊತ್ತಿಗೆ ಅದನ್ನು ಪಕ್ಕಕ್ಕಿಟ್ಟು ಅಕ್ಕಿ ಅಳೆಯುವುದು, ಮತ್ತೆ ಅದನ್ನು ಅಲ್ಲೇ ಇಡುವುದು. ಹೀಗೆ ಕೆಲವು ದಿನ ಕಳೆದವು.

ಶ್ರೀಕರ ನನ್ನ ಗಂಡ. ಬೇಸಿಗೆಯಲ್ಲಿ ಜ್ವರ ಬಂದು ಆಸ್ಪತ್ರೆಗೆ ಹೋದವನು ವಾಪಸ್ ಬರಲಿಲ್ಲ. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಅಳು ಬರಲಿಲ್ಲ. ಹಸಿವಾಗುತ್ತಿತ್ತು, ಆದರೆ ತಿಂದದ್ದು ಏನೆಂದು ಗೊತ್ತಾಗುತ್ತಿರಲಿಲ್ಲ. ಅತ್ತೆ ತುಂಗಮ್ಮ ನನ್ನ ಪಾಲಿನದನ್ನೂ ಸೇರಿಸಿ ಅತ್ತರು.

ನಮ್ಮ ಊರಲ್ಲಿ ಯಾವ ಹಾಡೇ ಆಗಲಿ, ಒಂದು ಸಲ ಮಾತ್ರ ತಾನಾಗಿ ಕೇಳಿಸುತ್ತದೆ. ಎರಡನೆಯ ಸಲ ಕೇಳಬೇಕಾದರೆ ತಿರುಗುವ ತಟ್ಟೆಯ ಎದುರು ನಿಂತು ಯಾರಾದರೂ ಆ ಹಾಡಿನ ಬಗ್ಗೆ ಒಂದು ನಿಜ ಹೇಳಬೇಕು. ಹೇಳಿದ್ದು ನಿಜವಾದರೆ ಯಂತ್ರದ ಮುಳ್ಳಿನ ಕೆಳಗೆ ದನಿ ಏಳುತ್ತದೆ, ಆಮೇಲೆ ಆ ಹಾಡು ಎಲ್ಲರದು. ಅಲ್ಲದಿದ್ದರೆ ತಟ್ಟೆ ಸುಮ್ಮನೆ ತಿರುಗುತ್ತಿರುತ್ತದೆ. ತಟ್ಟೆ ಮೊದಲ ಸಲ ಹಾಕಿದ ಮೇಲೆ ಬರುವ ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಒಂದೇ ಒಂದು ಹಾಡು ಬಾಕಿ ಉಳಿದರೂ ಇಡೀ ತಟ್ಟೆ ಮೂಕ. ಅಂಥ ಮೂಕ ತಟ್ಟೆಗಳು ಊರಲ್ಲಿ ಬೇಕಾದಷ್ಟಿವೆ. ಉಪ್ಪಿನಕಾಯಿ ಜಾಡಿಗೆ ಮುಚ್ಚುತ್ತಾರೆ, ಕಾಗೆ ಬೆದರಲಿ ಎಂದು ಒಣಹಾಕಿದ ಸಂಡಿಗೆಯ ಪಕ್ಕ ತೂಗುಬಿಡುತ್ತಾರೆ. ರೇಡಿಯೋಗೂ ಫೋನಿಗೂ ಇದೇ ನಿಯಮ. ಒಬ್ಬೊಬ್ಬರೇ ಕೂತು ನಿಜ ಹುಡುಕುವುದು ಕಷ್ಟವಾದ್ದರಿಂದ ನಮ್ಮವರು ಹಾಡು ಕೇಳಲು ಬಸ್ಸು ತಿರುಗುವ ಜಾಗದ ಕೇಳುಕಟ್ಟೆಗೆ ಬರುತ್ತಾರೆ.

ಇದರಿಂದ ನಾವು ಸತ್ಯವಂತರಾಗಿದ್ದೇವೆ ಎಂದು ಯಾರೂ ತಿಳಿಯಬಾರದು. ಹಾಲಿಗೆ ನೀರು ಹಾಕುವವರು ಹಾಕುತ್ತಾರೆ, ವಯಸ್ಸು ಕಡಿಮೆ ಹೇಳುವವರು ಹೇಳುತ್ತಾರೆ. ಹಾಡಿನ ವಿಷಯಕ್ಕೆ ಮಾತ್ರ ನಮ್ಮ ನಾಲಿಗೆ ಹದವಾಗಿದೆ. ‘ಚೆನ್ನಾಗಿದೆ’ ಎಂಬ ಮಾತಿಗೆ ಇಲ್ಲಿ ಒಂದು ತಟ್ಟೆಯೂ ಬಾಯಿ ಬಿಟ್ಟಿಲ್ಲ. ಹಾಗಾಗಿ ಆ ಮಾತನ್ನು ಕಟ್ಟೆಯ ಮೇಲೆ ಯಾರೂ ಆಡುವುದಿಲ್ಲ.

ಕೇಳುಕಟ್ಟೆಯ ಯಂತ್ರ ನೋಡಿಕೊಳ್ಳುವವರು ಗಫೂರ್ ಸಾಬರು. ಒಂದು ಸಂಜೆ ಅವರು ಬಾಗಿಲಲ್ಲಿ ಬಂದು ನಿಂತರು.

"ತಾಯಿ, ಶ್ರೀಕರಪ್ಪ ಒಂದು ಪ್ಲೇಟು ತರಿಸ್ತೀನಿ ಅಂದಿದ್ರು. ಬಂದದೆ ಅಂತ ಚೌಡಪ್ಪ ಹೇಳ್ದ."

"ಬಂದಿದೆ."

"ಹಾಕೋದು ಬ್ಯಾಡ್ವಾ?"

"ತಗೊಂಡ್ಹೋಗಿ ಹಾಕಿ ಸಾಬ್ರೇ."

ಒಳಗಿನಿಂದ ಅತ್ತೆ ಎದ್ದು ಬಂದರು. "ಅವರ ಕೈಲಿ ಕೊಟ್ಟು ನೀನು ಮನೇಲಿ ಕೂರ್ತೀಯೇನೇ? ನನ್ನ ಮಗ ಆಸೆಪಟ್ಟು ತರಿಸಿದ್ದು. ಅದು ಯಾರದೋ ಉಪ್ಪಿನಕಾಯಿ ಜಾಡಿ ಮೇಲೆ ಕೂರಕೂಡದು. ಅಷ್ಟೂ ಹಾಡು ತೆರೀಬೇಕು. ನೀನು ಓದಿದೋಳು ತಾನೆ? ನಡಿ."

ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ವಿಮರ್ಶೆಯನ್ನೇ. ಶ್ರೀಕರ ಸಿಕ್ಕಿದ್ದೂ ಅಲ್ಲೇ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ತಟ್ಟೆಯ ಹೊದಿಕೆಯ ಚಿತ್ರದಲ್ಲಿ ಏಳು ಜನ ಹಿಮದಲ್ಲಿ ನಿಂತಿದ್ದರು. ಕೆಂಪು, ಹಳದಿ, ಹಸಿರು ಪಟ್ಟೆಯ ಉಣ್ಣೆ ಟೋಪಿಗಳು, ಕೆಂಪಾದ ಮೂಗುಗಳು. ಅದರ ಹಿಂದೆ ಬರೆದಿದ್ದನ್ನು ನಾನು ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿದೆ. ಇವರು ಯುರೋಪಿನ ಒಂದು ಬೆಟ್ಟದ ಊರಿನವರು. ಹಾಡುವುದು ರೆಗೆ, ಜಮೈಕಾ ಎಂಬ ದ್ವೀಪದ ಹಾಡು. ಅದರಲ್ಲೂ ಹಳೆಯ ಬಗೆಯದು, ದೇವರನ್ನೂ ದಾಸ್ಯವನ್ನೂ ನೆನೆಯುವಂಥದು. ಅಲ್ಲಿನ ಹಾಡುಗಾರರ ಟೋಪಿಗೂ ಇವೇ ಬಣ್ಣ. ತಟ್ಟೆಯ ಹೆಸರು ‘ಬೆಚ್ಚನೆಯ ಕಲ್ಲು’. ಎಂಟು ಹಾಡು.

"ಈ ಟೋಪಿ ಹಾಡಿಗೆ ಅಂತ ಹಾಕ್ಕೊಂಡಿರೋದೋ, ಚಳಿಗೋ?" ಎಂದು ಹೂವಿನ ದೇವೀರಮ್ಮ ಕೇಳಿದಳು.

"ಎರಡಕ್ಕೂ ಇರಬಹುದು."

"ಹಂಗಿದ್ರೆ ಉಳಿತಾಯ ಬಿಡು."

ಸಾಬರು ಮೆತ್ತನೆಯ ಬಟ್ಟೆಯಿಂದ ತಟ್ಟೆ ಒರೆಸಿ ಮುಳ್ಳು ಇಳಿಸಿದರು. ಮೊದಲ ಸಲ ಎಲ್ಲ ಹಾಡುಗಳೂ ಸಾಲಾಗಿ ಕೇಳಿಸಿದವು. ನಾನು ಪದಗಳ ಅರ್ಥವನ್ನು ಒಂದೊಂದು ವಾಕ್ಯದಲ್ಲಿ ಹೇಳುತ್ತಾ ಹೋದೆ. ಉಳಿದಂತೆ ನನಗೆ ಅದು ಪಕ್ಕದ ಮನೆಯ ನಲ್ಲಿಯ ಸದ್ದಿನ ಹಾಗೆ ಇತ್ತು. ಬರುತ್ತಿದೆ ಎಂದು ಗೊತ್ತು, ನನಗೆ ಸಂಬಂಧವಿಲ್ಲ.

ಎಂಟನೆಯ ಹಾಡು ಮುಗಿದಾಗ ಜನ ಎದ್ದು ಸೀರೆ, ಪಂಚೆ ಕೊಡವಿಕೊಂಡು ಹೆಚ್ಚು ಮಾತಿಲ್ಲದೆ ಮನೆಗೆ ಹೋದರು. ನಾನು ಆಗ ಅದಕ್ಕೆ ಗಮನ ಕೊಡಲಿಲ್ಲ.

ಮರುದಿನದಿಂದ ವಿಮರ್ಶೆ ಶುರುವಾಯಿತು. ಮೊದಲು ನಿಂತವರು ಅನಂತಸ್ವಾಮಿ ಮೇಷ್ಟ್ರು. ಚರಿತ್ರೆ ಕಲಿಸಿ ನಿವೃತ್ತರಾದವರು, ಬೈಯುವುದರಲ್ಲಿ ಎತ್ತಿದ ಕೈ.

"ಇದು ಇವರ ಹಾಡಲ್ಲ. ಹಡಗಲ್ಲಿ ತುಂಬ್ಕೊಂಡು ಹೋಗಿ ಕಬ್ಬಿನ ತೋಟದಲ್ಲಿ ದುಡಿಸಿದ್ರಲ್ಲ, ಅವರ ಮೊಮ್ಮಕ್ಕಳ ಹಾಡು. ಇವರಿಗೆ ಯಾವ ಸೀಮೆ ದಾಸ್ಯ? ಬೆಳಿಗ್ಗೆ ಎದ್ದು ಬೆಣ್ಣೆ ತಿಂದು ಸಂಕೋಲೆ ಸಂಕೋಲೆ ಅಂತ ಹಾಡ್ತಾರೆ!"

ಜನ ತಲೆಯಾಡಿಸಿದರು. ಸಾಬರು ಮುಳ್ಳು ಇಳಿಸಿದರು. ತಟ್ಟೆ ತಿರುಗಿತು. ಏನೂ ಇಲ್ಲ.

"ಯಾಕ್ರೀ? ನಾನು ಹೇಳಿದ್ದು ಸುಳ್ಳೇ?"

"ಸುಳ್ಳಲ್ಲ ಮೇಷ್ಟ್ರೇ," ಎಂದರು ಸಾಬರು. "ಹಡಗಿನ ಬಗ್ಗೆ ನಿಜ. ಹಾಡಿನ ಬಗ್ಗೆ ಏನೂ ಹೇಳ್ಲಿಲ್ಲ ನೀವು."

ದೇವೀರಮ್ಮ ಹೂಕಟ್ಟುವ ದಾರವನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಬಂದಳು. "ಮೊದಲನೇದು ನನಗಿರಲಿ. ನೋಡಪ್ಪ, ಇವರು ಇಸ್ಕೊಂಡ ಸೀರೆ ಉಟ್ಕೊಂಡು ಮದ್ವೆಗೆ ಹೋದೋರ ಹಂಗೆ ಹಾಡ್ತಾವ್ರೆ. ಸಾರು ಚೆಲ್ಲೀತೂ, ಸೆರಗು ಕೊಳೆಯಾದೀತೂ ಅಂತ ಭಯ. ಒಂದು ಸಲನಾದ್ರೂ ಸರಿಯಾಗಿ ಕಾಲು ಚಾಚಿ ಕೂತಿಲ್ಲ."

ಮುಳ್ಳು ಇಳಿಯಿತು. ತಬಲದಂಥ ಒಂದು ಪೆಟ್ಟು, ಆಮೇಲೆ ದಪ್ಪ ತಂತಿಯ ಗುಡುಗು, ಮೊದಲ ಹಾಡು ಎದ್ದು ಕೂತಿತು. ಕಟ್ಟೆಯೆಲ್ಲ ಕೇಕೆ ಹಾಕಿತು. ಮೇಷ್ಟ್ರು ಸಿಟ್ಟಿನಿಂದ ಮನೆಗೆ ಹೋದರು. ಮೂರು ದಿನ ಬಿಟ್ಟು ಬಂದು ಎರಡನೆಯ ಹಾಡಿನ ಎದುರು ನಿಂತು, ನೆಲ ನೋಡಿಕೊಂಡು, "ಬೈಯೋಕೆ ಅಂತಲೇ ಕೂತಿದ್ದೆ. ಅರ್ಧಕ್ಕೆ ಬರೋ ಹೊತ್ತಿಗೆ ಏನು ಬೈಬೇಕು ಅಂದ್ಕೊಂಡಿದ್ದೆ ಅನ್ನೋದೇ ಮರೆತೋಯ್ತು," ಎಂದರು. ಅದೂ ತೆರೆಯಿತು. ಆ ದಿನ ಅವರು ಊರಿಗೆಲ್ಲ ಕಾಫಿ ಕೊಡಿಸಿದರು.

ಕ್ಷೌರದ ಚೆಲುವರಾಜು ಮೂರನೆಯದರ ಬಗ್ಗೆ, "ಪೆಟ್ಟು ಬೀಳಬೇಕಾದ ಜಾಗದಲ್ಲಿ ಬೀಳಲ್ಲ, ಪಕ್ಕದಲ್ಲಿ ಬೀಳ್ತದೆ. ಇದನ್ನ ಕೇಳ್ತಾ ಕತ್ತರಿ ಆಡಿಸಿದ್ರೆ ಗಿರಾಕಿ ಕಿವಿ ನನ್ನ ಕೈಗೆ ಬರ್ತದೆ," ಎಂದ. ಹಾಡು ತೆರೆಯಿತು, ಅವನ ಅಂಗಡಿಯಲ್ಲಿ ಮಾತ್ರ ಅದಕ್ಕೆ ನಿಷೇಧ. ಅಷ್ಟರಲ್ಲಾಗಲೇ ಊರಿನ ನಡಿಗೆ ಬದಲಾಗಿತ್ತು. ಜನ ಹೆಜ್ಜೆ ಇಡುವ ಮುನ್ನ ಸಣ್ಣಗೆ ತಡೆಯುತ್ತಿದ್ದರು. ರೊಟ್ಟಿ ತಟ್ಟುವ ಸದ್ದು, ಬಟ್ಟೆ ಒಗೆಯುವ ಸದ್ದು, ಎಲ್ಲವೂ ಅರೆಗಳಿಗೆ ತಡವಾಗಿ ಬೀಳುತ್ತಿತ್ತು. ಯಾರಿಗೂ ಅವಸರವಿರಲಿಲ್ಲ. ಬಸ್ಸು ಕೂಡ ನಮ್ಮವರಿಗಾಗಿ ಕಾಯಲು ಕಲಿಯಿತು.

ಐದನೆಯ ಹಾಡನ್ನು ತೆರೆದದ್ದು ಅತ್ತೆ. ಅದು ಹಸಿವಿನ ಹಾಡು. ಹಸಿದ ಮಕ್ಕಳು, ಬಾಗಿಲು ತೆರೆಯದ ದೊರೆ. ನಾನು ಅರ್ಥ ಹೇಳಿದ ಮೇಲೆ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಹಸಿವು ಅಂತಾನೆ, ಸರಿ. ಆದ್ರೆ ಈ ಹುಡುಗನಿಗೆ ಮನೇಲಿ ಸಾರು ಬಿಸಿಯಾಗ್ತಾ ಇದೆ ಅಂತ ಗೊತ್ತು. ಬೇಗ ಮುಗಿಸಿ ಹೋಗೋಣ ಅನ್ನೋದು ದನೀಲೇ ಇದೆ. ಪಾಪ, ಹೋಗ್ಲಿ ಬಿಡಿ, ಉಣ್ಣಲಿ."

ತಟ್ಟೆ ತಕ್ಷಣ ಹಾಡಿತು. ಚೆಲುವರಾಜು ಎದ್ದು ಅತ್ತೆಗೆ ಕೈಮುಗಿದ. "ತುಂಗಮ್ನೋರೇ, ನಿಮ್ಮ ಸೊಸೆ ಓದಿದ್ದು ದಂಡ. ನೀವೇ ಕ್ಲಾಸ್ ತಗೊಬೇಕಿತ್ತು." ಅತ್ತೆ ನಕ್ಕರು. ಬೇಸಿಗೆಯ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಏನಾದರೂ ಅನ್ನಿಸಬೇಕಿತ್ತು. ನಾನು ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಅಮಾವಾಸ್ಯೆಗೆ ಇನ್ನೂ ಸಮಯವಿರುವಾಗಲೇ ಏಳು ಹಾಡು ಆದವು. ಉಳಿದದ್ದು ಎಂಟನೆಯದು. ಅದು ಉದ್ದದ ಹಾಡು, ಸುಮಾರು ಕಾಲು ಗಂಟೆ. ಅದರಲ್ಲಿ ಬಾಯಿಂದ ಊದುವ ಒಂದು ಪುಟ್ಟ ಹಾರ್ಮೋನಿಯಂ ಇದೆ. ಒಬ್ಬ ಒಂದೇ ಸಾಲನ್ನು ಹೇಳುತ್ತಾನೆ, ‘ನದಿ ನನ್ನನ್ನು ಬಲ್ಲದು’ ಎಂದು. ಅದು ಬಾವಿಯೊಳಗಿಂದ ಬಂದ ಹಾಗೆ ಮತ್ತೆ ಮತ್ತೆ ಮರುದನಿಸುತ್ತದೆ. ಅವನು ಮತ್ತೆ ಹೇಳುತ್ತಾನೆ.

"ಗಂಭೀರವಾಗಿದೆ," ಎಂದರು ಮೇಷ್ಟ್ರು. ತಟ್ಟೆ ಸುಮ್ಮನಿತ್ತು.

"ಶ್ರೀಕರಣ್ಣನ ಅಭಿರುಚಿ ದೊಡ್ಡದು. ನಮ್ಮಂಥೋರಿಗೆ ಅರ್ಥ ಆಗೋಕೆ ಟೈಮ್ ಬೇಕು," ಎಂದ ಚೆಲುವರಾಜು. ಸುಮ್ಮನಿತ್ತು.

ಇನ್ಯಾರೋ ಅದರಲ್ಲಿ ಆತ್ಮವಿದೆ ಎಂದರು, ಇನ್ಯಾರೋ ಧ್ಯಾನಕ್ಕೆ ಒಳ್ಳೆಯದು ಎಂದರು. ದಿನವೂ ನಾಲ್ಕಾರು ಜನ ಬಂದು ಮೆತ್ತಗಿನ ದನಿಯಲ್ಲಿ ಒಂದೊಂದು ಹೊಗಳಿಕೆ ಹೇಳಿ ಹೋಗುತ್ತಿದ್ದರು. ಮುಳ್ಳಿನ ಕೆಳಗೆ ಧೂಳಿನ ಸದ್ದೂ ಇರಲಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ನೋಡತೊಡಗಿದರು. ಅತ್ತೆಯ ಕೈಯಲ್ಲಿ ಊಟದ ತುತ್ತು ಮೇಲೇಳುತ್ತಿರಲಿಲ್ಲ. "ಏಳು ಆಗಿ ಒಂದಕ್ಕೆ ನಿಂತು ಹೋದ್ರೆ ಹೆಂಗೇ?" ಎನ್ನುತ್ತಿದ್ದರು.

ನಾನು ಮೊದಲು ಕಲಿತದ್ದನ್ನು ಪ್ರಯೋಗಿಸಿದೆ. ಈ ಹಾಡು ಪಠ್ಯದ ಪುನರಾವರ್ತನೆಯ ಮೂಲಕ ಅಸ್ಮಿತೆಯ ಶಿಥಿಲತೆಯನ್ನು ಧ್ವನಿಸುತ್ತದೆ ಎಂದೆ. ಸಾಬರು ಮುಳ್ಳು ಇಳಿಸುವ ಮೊದಲೇ ನಿಟ್ಟುಸಿರು ಬಿಟ್ಟರು.

ಮರುದಿನ ಸಂಜೆ ಕಟ್ಟೆ ತುಂಬಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಊರು ನನ್ನಿಂದ ಏನನ್ನು ನಿರೀಕ್ಷಿಸುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ಎದ್ದು ನಿಂತು, "ಈ ಹಾಡು ಕೇಳಿದಾಗ ನನಗೆ ಶ್ರೀಕರನ ನೆನಪು ಉಕ್ಕಿ ಅಳು ಬಂತು," ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಸಾಬರು ಮುಳ್ಳು ಇಳಿಸಿದರು.

ತಟ್ಟೆ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೊಂದು. ನಾನು ಅತ್ತಿಲ್ಲ ಎನ್ನುವುದು ಊರಿಗೆಲ್ಲ ಕೇಳಿಸಿತು.

ಮನೆಗೆ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಹೇಳಬಾರದಿತ್ತು ಕಣೇ ಸುಳ್ಳು," ಎಂದಷ್ಟೇ ಹೇಳಿ, ಸ್ವಲ್ಪ ದೂರ ನಡೆದ ಮೇಲೆ, "ನೀನು ಅಳದಿದ್ರೂ ನಾನು ಏನೂ ಅಂದ್ಕೊಳಲ್ಲ. ನನಗೆ ಪ್ಲೇಟು ಉಳೀಬೇಕು," ಎಂದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ ದೇವರ ಹೂವಿಗೆಂದು ದೇವೀರಮ್ಮನ ಹತ್ತಿರ ಹೋದೆ. ಅವಳು ಯಾರನ್ನೂ ಬಿಟ್ಟವಳಲ್ಲ. ನನ್ನ ಮದುವೆಯಲ್ಲಿ ನನ್ನ ಜಡೆ ನೋಡಿ, ಇದಕ್ಕೆ ಅರ್ಧ ಮೊಳ ಸಾಕು ಎಂದಿದ್ದಳು.

"ದೇವೀರಮ್ಮ, ಎಂಟನೇದು ನಿನಗೆ ಹೇಗನ್ನಿಸ್ತು?"

ಅವಳು ಕನಕಾಂಬರದ ಬುಟ್ಟಿಯೊಳಗೆ ಏನನ್ನೋ ಹುಡುಕತೊಡಗಿದಳು. "ಚೆನ್ನಾಗದೆ ಕಣವ್ವ."

"ಏನಂದೆ?"

"ಚೆನ್ನಾಗದೆ ಅಂದೆ. ಬಾಳಾ ಚೆನ್ನಾಗದೆ."

"ದೇವೀರಮ್ಮ, ನನ್ನ ಮುಖ ನೋಡಿ ಹೇಳು."

"ನನಗೆ ಗಿರಾಕಿ ಬಂದವ್ರೆ ಕಣ್ ಮಗ," ಎಂದಳು. ಅಲ್ಲಿ ನಾಯಿಯೂ ಇರಲಿಲ್ಲ.

ನಾನು ಹೂವು ತೆಗೆದುಕೊಳ್ಳದೆ ರಸ್ತೆಗೆ ಬಂದೆ. ಊರು ಇಷ್ಟು ದಿನ ಏನು ಮಾಡುತ್ತಿತ್ತು ಎಂದು ಆಗ ಗೊತ್ತಾಯಿತು. ಏಳು ಹಾಡುಗಳನ್ನು ಹರಿದು ಹಂಚಿದವರು ಎಂಟನೆಯದಕ್ಕೆ ಬಂದಾಗ, ಇದು ಸತ್ತವನು ತರಿಸಿದ್ದು ಎಂದು ನೆನಪು ಮಾಡಿಕೊಂಡು ನಾಲಿಗೆ ಬಿಗಿಹಿಡಿದಿದ್ದರು. ಮೊದಲ ಸಲ ಕೇಳಿದ ಆ ಸಂಜೆ ಎಲ್ಲರೂ ಯಾಕೆ ಬೇಗ ಎದ್ದು ಹೋದರು ಎನ್ನುವುದೂ ಹೊಳೆಯಿತು. ನನಗೆ ಸಣ್ಣಗೆ ಕೋಪ ಬಂತು. ಕೋಪ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅದು ಹೊಟ್ಟೆಯ ಹತ್ತಿರ ಬೆಚ್ಚಗಿತ್ತು. ಮನೆಗೆ ಹೋಗದೆ ನೇರ ಕಟ್ಟೆಗೆ ಹೋಗಿ ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಬಂದರು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೂರ್ಯ ಗುಡ್ಡದ ಮೇಲೆ ಇನ್ನೂ ಒಂದು ಗೇಣು ಎತ್ತರದಲ್ಲಿದ್ದ. ಸಾಬರು ತಟ್ಟೆ ಒರೆಸಿ ಇಟ್ಟು, ಯಾರಾದರೂ ಬರುತ್ತಾರೋ ಎಂದು ಸುತ್ತ ನೋಡಿದರು. ನಾನು ಎದ್ದೆ.

"ಈ ಹಾಡು ಕೆಟ್ಟದಾಗಿದೆ," ಎಂದೆ.

ಅತ್ತೆ ನನ್ನ ಸೆರಗು ಜಗ್ಗಿದರು. ಸಾಬರು ಮುಳ್ಳು ಇಳಿಸಿದರು. ಕರಕರ ಎಂದು ಸಣ್ಣ ಸದ್ದು ಬಂದು ನಿಂತಿತು.

"ಇನ್ನೂ ಐತೆ ತಾಯಿ," ಎಂದರು ಸಾಬರು. "ಪೂರ್ತಿ ಹೇಳಿಲ್ಲ ನೀವು."

"ಹೌದು, ಇದೆ. ಇದು ಉದ್ದ ಜಾಸ್ತಿಯಾಯ್ತು. ಆ ಹಾರ್ಮೋನಿಯಂ ಊದೋನನ್ನ ಯಾರಾದ್ರೂ ತಡೀಬೇಕಿತ್ತು. ನದಿ ನನ್ನನ್ನು ಬಲ್ಲದು, ನದಿ ನನ್ನನ್ನು ಬಲ್ಲದು. ಬಲ್ಲದು, ಆಯ್ತು, ಮುಂದೇನು? ಶ್ರೀಕರ ಇದ್ದಿದ್ರೆ ಅವನಿಗೆ ಎಂಟರಲ್ಲೂ ಇದೇ ಹಾಡು ಇಷ್ಟವಾಗ್ತಿತ್ತು. ನನಗೆ ಗೊತ್ತು. ದಿನಾ ಕಟ್ಟೆಗೆ ಎಳ್ಕೊಂಡು ಬಂದು ಇದನ್ನೇ ಹಾಕಿಸ್ತಿದ್ದ. ಒಲೆ ಮೇಲೆ ಬೇಳೆ ಇಟ್ಟು ಬಂದಿದ್ದೀನಿ ಅಂದ್ರೆ, ಇರು, ಒಳ್ಳೆ ಭಾಗ ಈಗ ಬರುತ್ತೆ, ಇರು ಅಂತಿದ್ದ. ಯಾವಾಗಲೂ ಹಾಗೇ ಅಂತಿದ್ದ. ನಾನು ಅವತ್ತು ಕೊನೇವರೆಗೂ ಕಾದೆ. ಇದರಲ್ಲಿ ಒಳ್ಳೆ ಭಾಗ ಇಲ್ಲವೇ ಇಲ್ಲ! ಇಲ್ಲದೇ ಇರೋದನ್ನ ಇದೆ ಅಂತ ನಂಬಿಸಿ ನನ್ನನ್ನ ಕೂರಿಸಿ ತಾನು ಎದ್ದು ಹೋದ."

ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. ಮುಳ್ಳನ್ನು ಎತ್ತಿ ಇಳಿಸುವ ಅಗತ್ಯ ಸಾಬರಿಗೆ ಬರಲಿಲ್ಲ. ಅದು ಅಲ್ಲೇ ಇತ್ತು. ನನ್ನ ಮಾತು ಮುಗಿಯುವ ಮೊದಲೇ ಹಾರ್ಮೋನಿಯಂ ಶುರುವಾಗಿತ್ತು.

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಚೆಲುವರಾಜು ಶಿಳ್ಳೆ ಹಾಕಿದ. ಮೇಷ್ಟ್ರು ಎದ್ದು ನಿಂತು, "ಸದ್ಯ! ನನಗೊಬ್ಬನಿಗೇ ಹಾಗೆ ಅನ್ನಿಸ್ತೇನೋ ಅಂತ ಹದಿನೈದು ದಿನದಿಂದ ನಿದ್ದೆ ಇಲ್ಲ ಕಣಮ್ಮ," ಎಂದು ಕೂಗಿದರು. "ನನಗೂ ಕಣವ್ವ! ಹಲ್ಲುನೋವು ಬಂದಂಗಾಗಿತ್ತು!" ಎಂದಳು ದೇವೀರಮ್ಮ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರು ಹಾರ್ಮೋನಿಯಂ ಬೈದರು, ಒಬ್ಬರು ಮರುದನಿಯನ್ನು ಬೈದರು. ಅಷ್ಟು ಸಂತೋಷದಿಂದ ಊರು ಒಂದು ಹಾಡನ್ನು ಬೈದದ್ದನ್ನು ನಾನು ಕಂಡಿರಲಿಲ್ಲ. ತೆರೆದ ಹಾಡನ್ನು ಮೊದಲ ಸಲ ಪೂರ್ತಿ ಕೇಳದೆ ಯಾರೂ ಕಟ್ಟೆ ಬಿಟ್ಟು ಏಳುವಂತಿಲ್ಲ, ಅದು ಪದ್ಧತಿ. ಹಾಗಾಗಿ ಎಲ್ಲರೂ ಮತ್ತೆ ಕೂತರು. ಸೂರ್ಯ ಗುಡ್ಡದ ಹಿಂದೆ ಇಳಿದ. ‘ನದಿ ನನ್ನನ್ನು ಬಲ್ಲದು,’ ಎಂದು ಬಾವಿಯೊಳಗಿನವನು ಹೇಳಿದ. ಇನ್ನೊಮ್ಮೆ ಹೇಳಿದ.

ನನ್ನ ಕೆನ್ನೆ ಒದ್ದೆಯಾಗಿತ್ತು. ಯಾವಾಗ ಎಂದು ಗೊತ್ತಾಗಲಿಲ್ಲ. ನಾನು ಇನ್ನೂ ಕೋಪದಲ್ಲೇ ಇದ್ದೆ.

ಅತ್ತೆ ನನ್ನ ಕೆನ್ನೆಯನ್ನು ತಮ್ಮ ಸೆರಗಿನಿಂದ ಒರೆಸಿ, ಕಿವಿಯ ಹತ್ತಿರ ಬಾಗಿ ಕೇಳಿದರು. "ಇನ್ನೂ ಎಷ್ಟಿದೆಯೇ?"

"ಅರ್ಧ ಕೂಡ ಆಗಿಲ್ಲ ಅತ್ತೆ."

ಅತ್ತೆ ಹಣೆಗೆ ಕೈಯಿಟ್ಟುಕೊಂಡು, ಗುಡ್ಡದ ಮೇಲಿನ ಖಾಲಿ ಆಕಾಶದ ಕಡೆ ತಿರುಗಿ, ಇಡೀ ಕಟ್ಟೆಗೆ ಕೇಳುವ ಹಾಗೆ ಅಂದರು.

"ಅಯ್ಯೋ ಕಂದಾ, ಇದನ್ನ ತರಿಸ್ಕೊಂಡ್ಯೇನೋ!"